ಹೆಸರು ಕೆರೆಯುವ ಕೆಲಸ

ಭಾನುವಾರ ಮಧ್ಯಾಹ್ನ ಮೂರೂವರೆಗೆ ಓಲಾಯಾದ ಚೆಂಡಾಟದ ಮೈದಾನದಲ್ಲಿ, ಎರಡು ಮೂರು ಸಾವಿರ ಜನರ ನಡುವೆ, ನೆರೈದಾ ಸಾಲ್ಗಾದೋ ತನ್ನ ಹೆಸರು ಕೇಳಿಬರುವುದನ್ನೇ ಕಾಯುತ್ತ ನಿಂತಿದ್ದಳು.

ಹೆಸರು ಎಲ್ಲಿ ಬರಬೇಕೆಂಬುದು ಅವಳಿಗೆ ಗೊತ್ತಿತ್ತು. ಹಾಡು ಶುರುವಾಗಿ ಎರಡು ನಿಮಿಷ ಹತ್ತು ಸೆಕೆಂಡಿಗೆ ಗಿಟಾರು ನಿಲ್ಲುತ್ತದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇರುವುದಿಲ್ಲ. ಆ ಖಾಲಿ ಜಾಗದಲ್ಲಿ ಅವಳದೇ ದನಿ, ಅಡುಗೆಮನೆಯಿಂದ ಯಾರನ್ನೋ ಕೂಗಿದ ಹಾಗೆ, "ನೆರೈದಾ ಒಲೆ ಹಚ್ಚಿದಳು" ಅನ್ನಬೇಕು. ಆಮೇಲೆ ತಮಟೆಯ ಸದ್ದುಗಳೆಲ್ಲ ಒಟ್ಟಿಗೆ ನುಗ್ಗಿ ಹಾಡು ಕುದಿಗೆ ಬರಬೇಕು, ಜನ ಮೈಮರೆತು ಕುಣಿಯಬೇಕು. ಹನ್ನೊಂದು ವರ್ಷದಿಂದ ಅವಳು ಕಟ್ಟಿದ ಪ್ರತಿಯೊಂದು ಚಂಪೇತಾ ಕುಣಿತದ ಹಾಡಿನಲ್ಲೂ ಆ ಕೂಗು ಇದೆ. ಕಸುಬಿನವರು ಅದನ್ನು ಮುದ್ರೆ ಅನ್ನುತ್ತಾರೆ. ಹಾಡಿದವನ ಮುಖ ಒಂದಲ್ಲ ಒಂದು ದಿನ ಗೋಡೆಯ ಪೋಸ್ಟರಿಗಾದರೂ ಬರುತ್ತದೆ. ಹಾಡನ್ನು ಕೂರಿಸಿ, ಹೊಲಿದು, ಬಣ್ಣ ಹಚ್ಚಿ ಕೊಟ್ಟವರಿಗೆ ಇರುವುದು ಮುದ್ರೆ ಒಂದೇ. ಅದನ್ನು ಕೇಳಿಯೇ ಮುಂದಿನ ಹಾಡುಗಾರ ಬಾಗಿಲು ಹುಡುಕಿಕೊಂಡು ಬರಬೇಕು, ಅದರಿಂದಲೇ ಮುಂದಿನ ತಿಂಗಳ ಅಕ್ಕಿ ಬರಬೇಕು.

ಮೈದಾನದ ತುದಿಯಲ್ಲಿ ಸಾಬಲೋ ನಿಂತಿತ್ತು. ಬೀದಿ ಕುಣಿತಕ್ಕೆ ಹಾಡು ಹಾಕುವ ಇಂಥ ಯಂತ್ರಕ್ಕೆ ಪಿಕೋ ಅನ್ನುತ್ತಾರೆ; ಕಾರ್ತಹೇನಾ ಊರಿನಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಎರಡಾಳೆತ್ತರದ ಸ್ಪೀಕರುಗಳ ಗೋಡೆ, ಅದರ ಮೇಲೆ ಬಾಯಿ ತೆರೆದು ನೀರಿನಿಂದ ಜಿಗಿಯುವ ಸಾಬಲೋ ಮೀನಿನ ಚಿತ್ರ, ಹೊಳೆಯುವ ಹಸಿರು, ಕಿತ್ತಳೆ. ಅದು ಹೊಡೆದಾಗ ಬಿಯರ್ ಬಾಟಲಿಗಳು ಮೇಜಿನ ಮೇಲೆ ತಾವೇ ನಡೆಯುತ್ತವೆ. ಒಂದು ಹಾಡನ್ನು ಸಾಬಲೋ ತನ್ನ ಸ್ವಂತ ಹಾಡೆಂದು ಇಟ್ಟುಕೊಂಡರೆ, ಆರು ತಿಂಗಳು ಅದನ್ನು ಬೇರೆ ಯಾವ ಪಿಕೋದಲ್ಲೂ, ಬಸ್ಸಿನಲ್ಲೂ, ಕ್ಷೌರದಂಗಡಿಯಲ್ಲೂ ಕೇಳುವ ಹಾಗಿಲ್ಲ. ಕೇಳಬೇಕಾದವನು ಟಿಕೆಟ್ ತೆಗೆದುಕೊಂಡು ಸಾಬಲೋ ಇರುವಲ್ಲಿಗೇ ಬರಬೇಕು.

ಅವಳ ಹಾಡು ಶುರುವಾಯಿತು. ಹಾಡಿನ ಕಥೆಯಲ್ಲಿ, ಹಿನ್ನೀರು ಉಕ್ಕಿ ಓಣಿಗೆ ನುಗ್ಗಿದ ದಿನ ಒಬ್ಬನ ಫ್ರಿಜ್ಜು ಬಾಗಿಲಿನಿಂದ ತೇಲಿಕೊಂಡು ಹೋಗುತ್ತದೆ, ಅವನು ಚಡ್ಡಿಯಲ್ಲಿ ಅದರ ಹಿಂದೆ ಈಜುತ್ತಾನೆ, ಫ್ರಿಜ್ಜಿನೊಳಗೆ ಹೆಂಡತಿ ಅಡಗಿಸಿಟ್ಟ ಚೀಸು ಇದೆ. ಹಾಡಿದವನು ಆಲ್ಸಿದೆಸ್, ಮೋಟಾರ್ ಸೈಕಲ್ಲಿನಲ್ಲಿ ಬಾಡಿಗೆ ಹೊಡೆಯುವವನು. ಹೊಗೆ ಕುಡಿದು ಕುಡಿದು ಒಡೆದ ಅವನ ಗಂಟಲು ಆ ಹಾಡಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೊದಲ ನಿಮಿಷದಲ್ಲೇ ಜನ ನಗತೊಡಗಿದರು, ಎರಡನೆಯದರಲ್ಲಿ ಸೊಂಟ ಇಳಿಯಿತು. ಗಿಟಾರು ನಿಂತಿತು.

"ಸಾಬಲೋ, ಸಾಬಲೋ! ಇದು ಓಸ್ನೈಡರನ ಕೈರುಚಿ!"

ಹಾಡು ಕುದಿಗೆ ಬಂತು. ಮೈದಾನವೆಲ್ಲ ಒಂದೇ ಮೈಯಾಗಿ ಕುಣಿಯಿತು. ಅವಳ ಪಕ್ಕದಲ್ಲಿದ್ದ, ಗುರುತು ಪರಿಚಯವಿಲ್ಲದ ದಪ್ಪ ಹೆಂಗಸೊಬ್ಬಳು ಬೆವರೊರೆಸಿಕೊಳ್ಳುತ್ತ, ಈ ಓಸ್ನೈಡರ್ ಯಾರೋ ಏನೋ, ಅವನ ಕೈಗೆ ಮುತ್ತಿಡಬೇಕು ಅಂದಳು. ಅವನು ಈ ಪಿಕೋ ಯಜಮಾನನ ತಂಗಿ ಮಗ, ಆ ಕೈ ಇವತ್ತಿನವರೆಗೆ ಫೋನು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ ಎಂದು ನೆರೈದಾ ಹೇಳಿದಳು. ಹೆಂಗಸಿಗೆ ಕೇಳಿಸಲಿಲ್ಲ.

ಹಾಡು ಸೋತಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಗೆದ್ದಿತ್ತು. ಜನ ಮತ್ತೆ ಬೇಕೆಂದರು, ಮತ್ತೆ ಹಾಕಿದರು, ಮತ್ತೆ ಓಸ್ನೈಡರನ ಕೈರುಚಿ. ಎರಡನೆಯ ಸಲ ಅವಳು ಎಣಿಸಿದಳು. ಮೂರು ನಿಮಿಷ ಐವತ್ತು ಸೆಕೆಂಡಿನಲ್ಲಿ ಸಾಬಲೋ ಹೆಸರು ಹನ್ನೊಂದು ಸಲ, ಓಸ್ನೈಡರನದು ನಾಲ್ಕು ಸಲ. ಅವಳದು ಇಲ್ಲ. ಹಾಡಿದ ಆಲ್ಸಿದೆಸನದೂ ಇಲ್ಲ.

ತಪ್ಪು ಅವಳದೇ. ಕೋಪದ ಅರ್ಧ ಪಾಲು ಅದಕ್ಕೇ. ಪಿಕೋಗೆ ಹಾಡು ಕೊಡುವಾಗ ಎರಡು ತುಂಡಾಗಿ ಕೊಡುವುದು ಪದ್ಧತಿ: ಮುದ್ರೆಯಿಲ್ಲದ ಬರಿ ಹಾಡು ಒಂದು, ಮುದ್ರೆ ಬೇರೆ. ಪಿಕೋದವರು ತಮ್ಮ ಕೂಗುಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ನೋಡಿಕೊಂಡು, ಕಟ್ಟಿದವರ ಮುದ್ರೆಗೆ ಜಾಗ ಬಿಟ್ಟು, ಎಲ್ಲವನ್ನೂ ಹೊಂದಿಸುತ್ತಾರೆ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ. ನಂಬಬೇಡಿ, ಮುದ್ರೆಯನ್ನು ತಮಟೆಯ ಜೊತೆಗೇ ಅರೆದು ಹಾಕಿಬಿಡಿ, ಬೇರ್ಪಡಿಸಲು ಬಾರದ ಹಾಗೆ ಮಾಡಿಬಿಡಿ ಎಂದು ಅವಳು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದಳು. ಸಾಬಲೋದ ಯಜಮಾನ ದೋನ್ ಎವರಿಸ್ತೋ ಕೇಳಿದಾಗ ಮಾತ್ರ ಬರಿ ಹಾಡನ್ನು ಕೈಗಿಟ್ಟು ಬಂದಿದ್ದಳು. ಅವಳ ಅಪ್ಪ ಆಬೇಲ್ ಆ ಮನೆಯಲ್ಲಿ ನಲವತ್ತು ವರ್ಷ ದುಡಿದವನು. ಆ ಅಂಗಳದಲ್ಲಿ ಸ್ಪೀಕರಿನ ನೆರಳಲ್ಲಿ ಮಲಗಿ ಬೆಳೆದವಳು ಇವಳು. ಹಾಗಿರುವಾಗ ಲೆಕ್ಕ ಹಾಕಬೇಕೆಂದು ಹೊಳೆಯಲಿಲ್ಲ.

ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಅವಳು ಪಿಕೋ ಹಿಂಬದಿಗೆ ಹೋದಳು. ಹಿಂದೆ ಸದ್ದು ಕಡಿಮೆ; ಮಾತು ಕೇಳಿಸುತ್ತದೆ. ಎವರಿಸ್ತೋ ಪುಎಲ್ಲೋ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಕರಿದ ಮೀನು ತಿನ್ನುತ್ತಿದ್ದ. ಅರವತ್ತೆರಡರ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಓಸ್ನೈಡರ್ ವೈರುಗಳ ಹತ್ತಿರ ನಿಂತಿದ್ದ. ಅವಳನ್ನು ಕಂಡವನೇ ವೈರುಗಳಲ್ಲಿ ಬಹಳ ಕೆಲಸವಿರುವ ಹಾಗೆ ಬಗ್ಗಿದ.

"ಬಾ ತಾಯಿ, ಕೂತ್ಕೋ. ಮೀನು ತಿಂತೀಯಾ?" ಎಂದ ಎವರಿಸ್ತೋ.

"ನನ್ನ ಮುದ್ರೆ ಎಲ್ಲಿ, ದೋನ್ ಎವರಿಸ್ತೋ?"

"ಹಾಡು ಗೆದ್ದಿದೆಯಲ್ಲೇ. ಜನ ಹೆಂಗೆ ಕೂಗ್ತಿದಾರೆ ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ. ಓಸ್ನೈಡರ್ ಅಂತ ಕೂಗ್ತಿದಾರೆ."

ಅವನು ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟ. ಅವನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ನಿನಗೆ ಬರಬೇಕಾದದ್ದು ಹಾಡು ಕೈಗೆ ಬಂದ ದಿನವೇ ಬಂದಿದೆ, ಒಂದು ಪೇಸೋ ಬಾಕಿ ಇಟ್ಟಿಲ್ಲ ಎಂದು ನೆನಪಿಸಿದ. ತಂಗಿಗೆ ಗಂಡನಿಲ್ಲ, ಈ ಹುಡುಗ ಬೊಗೊತಾಗೆ ಹೋಗಿ ಎರಡು ವರ್ಷ ಧ್ವನಿಮುದ್ರಣ ಕಲಿತು ಬಂದಿದ್ದಾನೆ, ಅವನಿಗೊಂದು ದಾರಿ ಮಾಡಿಕೊಡಬೇಕು, ನಿನಗಾದರೆ ಇಂಥ ಹತ್ತು ಹಾಡಿವೆ ಎಂದ. ನಂತರ ಬಹಳ ಯೋಚಿಸಿದವನ ಹಾಗೆ ಕೇಳಿದ:

"ಮನೆ ಕಟ್ಟಿದ ಗಾರೆಯವನು ಗೋಡೆ ಮೇಲೆ ತನ್ನ ಹೆಸರು ಬರ್ಕೊಂಡು ಹೋಗ್ತಾನಾ?"

"ಬರ್ಕೊಳಲ್ಲ. ಪಕ್ಕದ್ಮನೆಯವನ ಹೆಸರನ್ನೂ ಬರೆದು ಹೋಗಲ್ಲ."

ವೈರುಗಳ ಕಡೆಯಿಂದ ಓಸ್ನೈಡರ್ ಒಮ್ಮೆ ತಲೆಯೆತ್ತಿ ಮತ್ತೆ ಬಗ್ಗಿದ. ಎವರಿಸ್ತೋ ನಕ್ಕ. ಅವನ ನಗುವಿನಲ್ಲಿ ಮೆಚ್ಚುಗೆಯೂ ಇತ್ತು. ಕೈ ಒರೆಸಿಕೊಂಡು ಕೇಳಿದ: "ಸರಿ. ಆ ಗಿಟಾರು ಎಲ್ಲಿಂದ ತಂದೆ?"

"ನನ್ನ ತಲೆಯಿಂದ."

ಅವನು ತುಟಿ ಮುಂದೆ ಮಾಡಿ ಶಿಳ್ಳೆ ಹಾಕಿದ. ಹಾಡಿನ ಗಿಟಾರೇ, ಆದರೆ ಅವಳು ಹಾಡಿನಲ್ಲಿ ಬಳಸಿದ್ದಕ್ಕಿಂತ ಮುಂದಕ್ಕೆ ಹೋಯಿತು. ಅವಳಿಗೆ ಗೊತ್ತಿಲ್ಲದ ಎರಡು ತಿರುವು ತಿರುಗಿ, ಇಳಿದು, ನಿಂತಿತು.

"ಎಪ್ಪತ್ತೊಂಬತ್ತರಲ್ಲಿ ನಮ್ಮಪ್ಪ ಹಡಗಿನವನ ಹತ್ರ ಕೊಂಡ ರೆಕಾರ್ಡು. ಆಫ್ರಿಕಾದ್ದು. ಜನ ಅದಕ್ಕೆ 'ಮುದುಕಿಯ ಕೋಲು' ಅಂತ ಹೆಸರಿಟ್ಟಿದ್ರು. ಅದರ ನಿಜವಾದ ಹೆಸರೇನು, ನುಡಿಸಿದೋನು ಯಾರು ಅಂತ ನಿಮ್ಮಪ್ಪನ್ನ ಕೇಳು. ನಮ್ಮ ಮನೇಲಿ ಹೆಸರು ಕೆರೆಯೋ ಕೆಲಸ ಯಾರು ಮಾಡ್ತಿದ್ರು ಅಂತಾನೂ ಕೇಳು. ಆಮೇಲೆ ಬಂದು ನನಗೆ ಮುದ್ರೆ ಪಾಠ ಹೇಳುವಿಯಂತೆ."

ಅವನು ಮತ್ತೆ ಮೀನಿಗೆ ಕೈ ಹಾಕಿದ.

ಮನೆಗೆ ನಡೆದೇ ಹೋದಳು. ಹಿಂದಿನ ವಾರದ ನೀರು ಇನ್ನೂ ಓಣಿಯಲ್ಲಿ ಪಾದ ಮುಳುಗುವಷ್ಟು ನಿಂತಿತ್ತು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಳು. ಅವಳಿಗೆ ಆ ಗಿಟಾರು ಎಲ್ಲಿಂದ ಬಂತೆಂದು ಈಗ ಸ್ಪಷ್ಟವಾಗಿ ಗೊತ್ತಿತ್ತು. ಅಪ್ಪ ಗಡ್ಡ ಹೆರೆಯುವಾಗ, ಫ್ಯಾನು ಬಿಚ್ಚಿ ರಿಪೇರಿ ಮಾಡುವಾಗ ಹಾಕುವ ಶಿಳ್ಳೆ ಅದು. ಅಪ್ಪನದೇ ಇರಬೇಕು, ಅಥವಾ ಯಾರದೂ ಅಲ್ಲದ್ದು ಇರಬೇಕು ಎಂದುಕೊಂಡಿದ್ದಳು. ಕೇಳಿರಲಿಲ್ಲ.

ಆಬೇಲ್ ಬಾಗಿಲಲ್ಲಿ ಕೂತು ಯಾರದೋ ಫ್ಯಾನಿನ ಹೊಟ್ಟೆ ಬಿಚ್ಚಿಕೊಂಡಿದ್ದ. ಎಪ್ಪತ್ತಾರು ವರ್ಷ, ಕಣ್ಣು ಇನ್ನೂ ಚೂಪು. ಅವಳು ನಿಂತಲ್ಲೇ, ಕಾಲು ಕೂಡ ತೊಳೆಯದೆ ಕೇಳಿದಳು. ಅವನು ಮುಚ್ಚಿಡಲಿಲ್ಲ. ಅಡಗಿಸುವಂಥದ್ದೆಂದು ಅವನಿಗೆ ಅನ್ನಿಸಿರಲೇ ಇಲ್ಲ.

ಆಗ ಹಾಡುಗಳನ್ನು ಇಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ಹಡಗಿನವರು ತರುತ್ತಿದ್ದರು. ಒಂದು ರೆಕಾರ್ಡು ಗೆದ್ದರೆ ಅದೊಂದರ ಮೇಲೆ ಪಿಕೋ ಒಂದು ವರ್ಷ ಬದುಕುತ್ತಿತ್ತು, ಅದಕ್ಕೇ ಎದುರು ಪಿಕೋದವರು ಗೂಢಚಾರರನ್ನು ಕಳಿಸುತ್ತಿದ್ದರು. ರೆಕಾರ್ಡಿನ ನಡುವಿನ ಚೀಟಿಯಲ್ಲಿ ಏನು ಬರೆದಿದೆ ಎಂದು ಒಬ್ಬ ಓದಿದರೆ ಮುಗಿಯಿತು, ಮುಂದಿನ ಹಡಗಿನಲ್ಲಿ ಅದೇ ಹಾಡು ಇನ್ನೂ ನಾಲ್ಕು ಜನಕ್ಕೆ ಬರುತ್ತಿತ್ತು. ಆದ್ದರಿಂದ ಹೊಸ ರೆಕಾರ್ಡು ಬಂದ ತಕ್ಷಣ ಆಬೇಲನ ಕೈಗೆ ಬರುತ್ತಿತ್ತು. ಸೀಮೆಎಣ್ಣೆಯ ಬಟ್ಟೆಯಿಂದ ಚೀಟಿಯನ್ನು ನೆನೆಸಿ, ಬ್ಲೇಡಿನಿಂದ ಕೆರೆದು ಕೆರೆದು, ಒಂದಕ್ಷರವೂ ಉಳಿಯದಂತೆ ಮಾಡಿ ಕೊಡುವುದು ಅವನ ಕೆಲಸ. ಕುಣಿಯುವ ಜನ ತಮಗೆ ತೋಚಿದ ಹೆಸರಿಡುತ್ತಿದ್ದರು.

"ಮುದುಕಿಯ ಕೋಲು. ಅದರ ಮೇಲೆ ಏನು ಬರೆದಿತ್ತು?" ಎಂದಳು ನೆರೈದಾ.

"ಓದ್ಲಿಲ್ಲ."

"ಯಾಕೆ, ನಿನಗೆ ಓದೋಕೆ ಬರುತ್ತಲ್ಲ."

"ಬರುತ್ತೆ. ಬೇಕಂತಲೇ ಓದ್ತಿರಲಿಲ್ಲ." ಅವನು ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟ. "ಓದಿದ್ರೆ ತಲೇಲಿ ಕೂರುತ್ತೆ. ತಲೇಲಿ ಕೂತದ್ದು ಎರಡು ಗ್ಲಾಸ್ ರಮ್ ಒಳಗೆ ಹೋದ್ರೆ ಬಾಯಿಗೆ ಬರುತ್ತೆ. ಬಾಯಿಗೆ ಬಂದ್ರೆ ಕೆಲಸ ಹೋಗುತ್ತೆ. ಅದಕ್ಕೇ ಕೈ ಕೆರೀತಿರುವಾಗ ಗೋಡೆ ನೋಡ್ತಿದ್ದೆ."

"ಎಷ್ಟು ಜನರ ಹೆಸರು ಕೆರೆದೆ, ಅಪ್ಪಾ?"

"ಎಣಿಸಿಲ್ಲ. ನಿನಗೆ ಮೊದಲನೇ ಕೀಬೋರ್ಡು ತಂದ್ನಲ್ಲ, ಕೆಂಪು ಗುಂಡಿ ಇದ್ದದ್ದು, ಅದು ಆ ದುಡ್ಡೇ."

ಅವಳಿಗೆ ಆ ಮಾತು ಕೆನ್ನೆಗೆ ಬಿದ್ದ ಹಾಗಾಯಿತು. ಒಳಗೆ ಹೋಗಿ ಕೊಬ್ಬರಿ ಅನ್ನವನ್ನು ತಟ್ಟೆಗೆ ಬಡಿಸಿ ಅವನ ಮುಂದೆ ತಂದಿಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು. ಬೈಯಲು ಬಾಯಿ ತೆರೆದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಎವರಿಸ್ತೋನನ್ನು ಬೈದರೆ ಅಪ್ಪನಿಗೆ ತಾಗುತ್ತಿತ್ತು, ಅಪ್ಪನನ್ನು ಬೈದರೆ ಅದೇ ಕೀಬೋರ್ಡಿನಿಂದ ಹೊಟ್ಟೆ ಹೊರೆದ ತನಗೆ ತಾಗುತ್ತಿತ್ತು. ಯಾರ ಮೇಲೂ ಸರಿಯಾಗಿ ಕೂರದ ಕೋಪ ಮನೆಯೊಳಗಿನ ಹೊಗೆಯ ಹಾಗೆ, ಕಣ್ಣನ್ನೇ ಸುಡುತ್ತದೆ.

ಅನ್ನ ತಿನ್ನುತ್ತ ಆಬೇಲ್ ಹೇಳಿದ, ನಮ್ಮ ಕಾಲದಲ್ಲಿ ಪಿಕೋದವರ ಜೊತೆ ಯಾರೂ ಬೀದಿಜಗಳ ಆಡುತ್ತಿರಲಿಲ್ಲ, ಅದರ ಅಗತ್ಯವೇ ಇರಲಿಲ್ಲ, ಬಸುರ್ತೋ ಮಾರುಕಟ್ಟೆಗೆ ಹೋಗಿ ಹಾಡಿನ ಹೆಸರು ಹೇಳಿಬಿಟ್ಟರೆ ಸಾಕಿತ್ತು, ಒಂದೇ ವಾರದಲ್ಲಿ ಪಿಕೋದ ಹಲ್ಲು ಉದುರುತ್ತಿತ್ತು ಎಂದು. ಮಗಳ ಮುಖ ನೋಡಿ ತಾನು ಏನು ಹೇಳಿದೆನೆಂದು ಅವನಿಗೆ ಅರಿವಾಯಿತು.

"ಹಳೇ ಕಥೆ ಹೇಳಿದ್ದು ಕಣೇ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಮತ್ತೆ ಬರಲ್ಲ."

ಅವಳಿಗೂ ಗೊತ್ತಿತ್ತು. ಈ ಕಸುಬಿನಲ್ಲಿ ಕಳ್ಳತನಕ್ಕೆ ಕ್ಷಮೆಯಿದೆ, ಸುಳ್ಳಿಗೆ ಕ್ಷಮೆಯಿದೆ. ಪಿಕೋದ ಸ್ವಂತ ಹಾಡನ್ನು ಬೀದಿಗೆ ಬಿಟ್ಟವರಿಗೆ ಇಲ್ಲ. ಸಾಬಲೋ ಒಂದೇ ಅಲ್ಲ, ಊರಿನ ಯಾವ ದೊಡ್ಡ ಪಿಕೋದವರೂ ಅಂಥವರಿಂದ ಮತ್ತೆ ಹಾಡು ಕೊಳ್ಳುವುದಿಲ್ಲ. ಉಳಿಯುವುದು ಚರ್ಚಿನ ಭಜನೆ ಮಂಡಳಿಗಳು, ಹುಟ್ಟುಹಬ್ಬದ ಹಾಡುಗಳು, ಔಷಧಿ ಅಂಗಡಿಯ ಜಾಹೀರಾತು. ಅದರಲ್ಲಿ ಬದುಕಬಹುದು. ಬದುಕುವುದು ಅಂದರೆ ಬಾಡಿಗೆ ಕಟ್ಟಬಹುದು.

ಸೋಮವಾರ ಬೆಳಿಗ್ಗೆ ಆಲ್ಸಿದೆಸ್ ಮೊಟ್ಟೆ ತುಂಬಿದ ಬಿಸಿ ಅರೇಪಾ ಕಟ್ಟಿಸಿಕೊಂಡು ಬಂದ. ಕೆಲಸ ಇಲ್ಲದೆ ತಿಂಡಿ ತರುವವನಲ್ಲ. ನಿಲ್ಲಲೂ ಆಗದೆ ಕೂರಲೂ ಆಗದೆ ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ನಿನ್ನೆ ಆರು ಜನ ಬಾಡಿಗೆಯವರು ತನ್ನ ಹಾಡನ್ನು ಗುನುಗಿದರು, ಹಾಡಿದವನು ತಾನೇ ಎಂದರೆ ಯಾರೂ ನಂಬಲಿಲ್ಲ ಎಂದು ನಗಲು ನೋಡಿದ. ನೆರೈದಾ ನಗಲಿಲ್ಲ. ಆಗ ನಿಜ ಹೊರಬಿತ್ತು. ಗುರುವಾರ ಪಿಕೋ ಅಂಗಳದಲ್ಲಿ ಓಸ್ನೈಡರ್ ಮುದ್ರೆ ಕೂಗಿ ಕೂರಿಸುವಾಗ ಇವನು ಅಲ್ಲೇ ಇದ್ದ.

"ಬಾಯಿ ಇರಲಿಲ್ವೇನೋ ನಿನಗೆ?"

"ಬಾಯಿ ಇತ್ತಕ್ಕಾ. ಅದನ್ನೇ ಅಲ್ವಾ ಅವರು ಆರು ತಿಂಗಳಿಗೆ ತಗೊಂಡಿರೋದು."

ಹಾಡನ್ನು ಬಸುರ್ತೋಗೆ ಕೊಡುತ್ತೇನೆ ಎಂದಳು. ಅವನು ಚೌಕಟ್ಟು ಬಿಟ್ಟು ಒಳಗೆ ಬಂದ. ಹದಿನೈದು ವರ್ಷದಿಂದ ಬಿಸಿಲಲ್ಲಿ ಹೆಲ್ಮೆಟ್ಟಿನೊಳಗೆ ಹಾಡಿಕೊಂಡವನು ನಾನು, ನವೆಂಬರ್ ಹಬ್ಬದಲ್ಲಿ ಸಾಬಲೋ ಮೇಲೆ ನಿಲ್ಲಿಸಿ ಹಾಡಿಸುತ್ತೇವೆ, ಪೋಸ್ಟರಿನಲ್ಲಿ ಮುಖ ಹಾಕಿಸುತ್ತೇವೆ ಅಂದಿದ್ದಾರೆ, ಹಾಡು ಬೀದಿಗೆ ಬಿದ್ದರೆ ಅದೆಲ್ಲ ನೀರಿಗೆ ಬಿದ್ದ ಹಾಗೆ, ನಿನ್ನ ಕಾಲು ಹಿಡಿಯುತ್ತೇನೆ ಎಂದ. ಹಾಡಿನಲ್ಲಿ ನಿನ್ನ ಹೆಸರು ಎಷ್ಟು ಸಲ ಬಂತೆಂದು ಅವಳು ಕೇಳಿದಳು. ಅವನು ಅರೇಪಾದ ಕಾಗದವನ್ನು ಸಣ್ಣಗೆ ಮಡಚಿದ, ಇನ್ನೂ ಸಣ್ಣಗೆ ಮಡಚಿದ.

"ನೀನು ಬಿಟ್ರೆ ನಾನು ಹೋದೆ. ಬಿಡದಿದ್ರೆ ನೀನು ಹೋದೆ. ನಾನು ಏನಂತ ಹೇಳ್ಲಿ ಅಕ್ಕಾ?"

"ಏನೂ ಹೇಳ್ಬೇಡ. ನಾಳೆ ಏಳಕ್ಕೆ ಗಾಡಿ ತಗೊಂಡು ಬಾ, ಮಾರ್ಕೆಟ್ಟಿಗೆ ಬಿಡು."

"ಬರಲ್ಲ," ಎಂದು ಹೇಳಿ ಹೋದ. ಅರೇಪಾ ಅಲ್ಲೇ ಬಿಟ್ಟು ಹೋದ.

ಆ ಮಧ್ಯಾಹ್ನ ಅವಳು ತನ್ನ ಧ್ವನಿಮುದ್ರಣದ ಕೋಣೆಯ ಬಾಗಿಲು ಹಾಕಿ, ಸದ್ದು ಬಾರದಿರಲೆಂದು ಫ್ಯಾನು ನಿಲ್ಲಿಸಿ, ಗೋಡೆಗೆ ಬಡಿದ ಹಾಸಿಗೆಗಳ ನಡುವೆ ಬೇಯುತ್ತ ಕೂತು ಹಾಡನ್ನು ಮತ್ತೆ ಬಿಚ್ಚಿದಳು. ಮೊದಲು ತನ್ನ ಮುದ್ರೆ. ಈ ಸಲ ಅದನ್ನು ತಮಟೆಯ ಒಳಗೇ ಹೂತಳು. ಅದನ್ನು ಕೀಳಹೋದವರು ಹಾಡಿನ ಸೊಂಟ ಮುರಿಯಬೇಕು. ಆಮೇಲೆ, ಹಾಡಿದವನು ಎಲ್ ಪೋಸೋನ್ ಬಡಾವಣೆಯ ಆಲ್ಸಿದೆಸ್ ಎಂದು ಎರಡು ಸಲ. ಬರುತ್ತೇನೆ ಬರಲ್ಲ ಅನ್ನುವುದು ಅವನಿಷ್ಟ, ಹೆಸರು ಅವನದು.

ಮೂರನೆಯದಕ್ಕೆ ಬಂದಾಗ ಕೈ ನಿಂತಿತು. ಗಿಟಾರು. ಅದನ್ನು ಮೊದಲು ನುಡಿಸಿದವನ ಹೆಸರು ಹೇಳದೆ ಬಿಟ್ಟರೆ ತಾನೂ ಓಸ್ನೈಡರನೂ ಒಂದೇ. ಹೇಳೋಣವೆಂದರೆ ಹೇಳಲು ಹೆಸರಿಲ್ಲ. ಬೆವರು ಕಣ್ಣಿಗಿಳಿಯಿತು. ನಾಲ್ಕು ಹೊಡೆತದಷ್ಟು ಹಾಡನ್ನು ಕತ್ತರಿಸಿ ಬರಿದು ಮಾಡಿ, ಬಾಗಿಲು ತೆರೆದು ಅಪ್ಪನನ್ನು ಕರೆದಳು.

ಬರಲು ಅವನು ಒಪ್ಪಲಿಲ್ಲ. ಮೈಕಿನ ಮುಂದೆ ನಿಲ್ಲುವ ವಯಸ್ಸಲ್ಲ, ಹಲ್ಲಿಲ್ಲದ ದನಿ ಎಂದ. ಅವಳು ರಟ್ಟೆ ಹಿಡಿದು ತಂದು ನಿಲ್ಲಿಸಿದಳು.

"ಏನಂತ ಹೇಳ್ಬೇಕು?"

"ಮಾಡಿದ್ದನ್ನ ಹೇಳು."

ಮೊದಲ ಸಲ ಅವನು ಕೆಮ್ಮಿದ. ಎರಡನೆಯ ಸಲ, ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದು ಶುರುಮಾಡಿದ, ಅವಳು ನಿಲ್ಲಿಸಿದಳು. ಎಲ್ಲರ ವಿಷಯ ಬೇಡ ಅಂದಳು. ಮುದುಕ ಮಗಳನ್ನು ಕೆಂಗಣ್ಣಿನಿಂದ ನೋಡಿದ. ಅವಳೂ ಹಾಗೇ ನೋಡಿದಳು. ಮೂರನೆಯ ಸಲ ಅವನು ಮೈಕನ್ನು ನೋಡದೆ, ಎದುರಿನ ಗೋಡೆಯನ್ನು ನೋಡುತ್ತ, ಒಂದೇ ಉಸಿರಿನಲ್ಲಿ ಹೇಳಿದ:

"ಈ ಗಿಟಾರು ನುಡಿಸಿದವನ ಹೆಸರು ಕೆರೆದವನು ನಾನು, ಆಬೇಲ್ ಸಾಲ್ಗಾದೋ."

ಮುಗಿಯಿತಾ ಎಂದು ಕೇಳಿದ. ಮುಗಿಯಿತು ಅಂದಳು. ಅವನು ಹೊರಗೆ ಹೋಗಿ ಫ್ಯಾನಿನ ಮುಂದೆ ಕೂತ. ಆ ದಿನ ಶಿಳ್ಳೆ ಕೇಳಿಸಲಿಲ್ಲ.

ಮಂಗಳವಾರ ಏಳಕ್ಕೆ ಆಲ್ಸಿದೆಸ್ ಬಂದಿದ್ದ. ಇಂಜಿನ್ನು ನಿಲ್ಲಿಸದೆ, ಹೆಲ್ಮೆಟ್ಟು ತೆಗೆಯದೆ, ಅವಳ ಕಡೆ ನೋಡದೆ ನಿಂತಿದ್ದ. ಬಸುರ್ತೋದಲ್ಲಿ ಮೀನಿನ ಸಾಲು ದಾಟಿ, ಪ್ಲಾಸಿದೋನ ಅಂಗಡಿಯ ಎದುರು ಗಾಡಿ ನಿಲ್ಲಿಸಿ ಅಲ್ಲೇ ಉಳಿದ.

ಪ್ಲಾಸಿದೋನದು ಬೀರುವಿನಷ್ಟು ಅಂಗಡಿ. ಬಸ್ಸಿನವರು, ಸಣ್ಣಪುಟ್ಟ ಪಿಕೋದವರು, ಬಾರಿನವರು ಅಲ್ಲಿಗೇ ಬಂದು ಪೆನ್‌ಡ್ರೈವಿಗೆ ಹಾಡು ತುಂಬಿಸಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಅಲ್ಲಿಗೆ ಬಂದ ಹಾಡು ಸಂಜೆಯೊಳಗೆ ಊರೆಲ್ಲ ಇರುತ್ತದೆ. ಅವನು ಹಾಡನ್ನು ಅರ್ಧ ಕೇಳಿ ನಿಲ್ಲಿಸಿದ.

"ಇದು ಸಾಬಲೋದ ಸ್ವಂತ ಹಾಡಲ್ವೇನಮ್ಮಾ?"

"ಆಗಿತ್ತು."

ಮುಂದಿನದನ್ನೂ ಕೇಳಿದ. ಮುದುಕನ ಮಾತು ಬಂದಾಗ ಮುಖ ಸಿಂಡರಿಸಿದ. ಇದೊಂದನ್ನು ತೆಗಿ, ಕುದಿ ಬರುವ ಹೊತ್ತಿಗೆ ತಣ್ಣೀರು ಹೊಯ್ದ ಹಾಗಿದೆ, ಕುಣಿಯುವವರು ಎಡವುತ್ತಾರೆ ಎಂದ.

"ಎಡವಲಿ," ಅಂದಳು. "ತುಂಬಿದರೆ ಪೂರ್ತಿ ತುಂಬು, ಇಲ್ಲಾಂದ್ರೆ ವಾಪಸ್ ಕೊಡು."

ಪ್ಲಾಸಿದೋ ಭುಜ ಕುಣಿಸಿ ಹಾಡನ್ನು ಯಂತ್ರಕ್ಕೆ ಹಾಕಿಕೊಂಡ. ನಾಲ್ಕು ಜನ ಬಸ್ಸಿನವರು ಪೆನ್‌ಡ್ರೈವು ಹಿಡಿದು ಕಾಯುತ್ತಿದ್ದರು. ಮೊದಲನೆಯವನದನ್ನು ಚುಚ್ಚುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಬಸುರ್ತೋದಲ್ಲಿ ಸಾಬಲೋಗೆ ಕಿವಿಗಳಿವೆ. ಅಷ್ಟು ಬೇಗ ಎಂದು ಮಾತ್ರ ಅವಳು ಎಣಿಸಿರಲಿಲ್ಲ. ಪ್ಲಾಸಿದೋಗೆ ತಡೆ ಎಂದು ಕೈ ತೋರಿಸಿದಳು.

ಎವರಿಸ್ತೋ ಕಿರುಚಲಿಲ್ಲ. ಕಿರುಚಿದ್ದರೆ ಸುಲಭವಾಗುತ್ತಿತ್ತು. ಈ ಭಾನುವಾರದಿಂದಲೇ ನಿನ್ನ ಮುದ್ರೆ ಹಾಕುತ್ತೇನೆ, ಓಸ್ನೈಡರನದನ್ನು ತೆಗೆದುಬಿಡುತ್ತೇನೆ, ಮುಂದಿನ ವರ್ಷ ನಿನ್ನಿಂದ ಐದು ಹಾಡು ಕೊಳ್ಳುತ್ತೇನೆ, ಆ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗು ಎಂದ.

ಇದೇ, ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಭಾನುವಾರ ಮೀನಿನ ತಟ್ಟೆಯ ಮುಂದೆ ಇದರಲ್ಲಿ ಅರ್ಧ ಸಿಕ್ಕಿದ್ದರೂ ಕೈಮುಗಿದು ಬರುತ್ತಿದ್ದಳು. ಐದು ಹಾಡು. ಬಾಯಲ್ಲಿ ನೀರು ಬಂದದ್ದನ್ನು ನುಂಗಿಕೊಂಡಳು.

"ಆಲ್ಸಿದೆಸನ ಹೆಸರು?"

"ಅವನದೂ ಹಾಕಣ. ಅದಕ್ಕೇನು."

"ನಮ್ಮಪ್ಪನ ಮಾತು?"

ಅದೂ ಅವನ ಕಿವಿಗೆ ಮುಟ್ಟಿತ್ತು.

"ತಲೆ ಕೆಟ್ಟಿದೆಯಾ ನಿನಗೆ? ನಮ್ಮಪ್ಪನ ಪಿಕೋದಲ್ಲಿ ನಿಂತು, ನಮ್ಮಪ್ಪ ಮಾಡಿಸಿದ್ದನ್ನ ನಾನೇ ಡಂಗೂರ ಹೊಡೀಬೇಕಾ? ಆ ಮುದುಕನ್ನ ತೆಗಿ. ಯಾವನೋ ಕರಿಯ, ಎಲ್ಲೋ ನುಡಿಸಿದ, ಸತ್ತೇ ಹೋಗಿರ್ತಾನೆ. ಅವನು ಬಂದು ಕೇಳಿದ್ನಾ?"

ನೆರೈದಾ ತನ್ನ ಕೈಯ ಬಣ್ಣ ನೋಡಿಕೊಂಡಳು. ಎವರಿಸ್ತೋನದೂ ಅದೇ ಬಣ್ಣ. ಅಂಗಡಿಯಾಚೆ ಗಾಡಿಯ ಮೇಲೆ ಆಲ್ಸಿದೆಸ್ ಬೆನ್ನು ತಿರುಗಿಸಿ ಕೂತಿದ್ದ. ಫೋನಿನಲ್ಲಿ ಏನು ನಡೆಯುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಈಗ ಒಂದು ಹೂಂ ಅಂದರೆ ಅವನು ನವೆಂಬರಿನಲ್ಲಿ ಸಾಬಲೋ ಮೇಲೆ ನಿಲ್ಲುತ್ತಾನೆ, ತನ್ನ ಹೆಸರಿನ ಸಮೇತ. ಅವನ ಬೆನ್ನನ್ನು ನೋಡುತ್ತಲೇ ಅವಳು ಪ್ಲಾಸಿದೋಗೆ ತಲೆಯಾಡಿಸಿದಳು. ಅವನು ಗುಂಡಿ ಒತ್ತಿದ.

"ಭಾನುವಾರ ಹಾಕು, ಎವರಿಸ್ತೋ," ಅಂದಳು. "ಊರೆಲ್ಲ ಹಾಕುತ್ತೆ, ನೀನೂ ಹಾಕು."

ಫೋನು ಜೇಬಿಗಿಟ್ಟು ಹೊರಗೆ ಬಂದು ಗಾಡಿ ಹತ್ತಿದಳು. ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ. ಎವರಿಸ್ತೋ ಏನೇನು ಕೊಡುತ್ತೇನೆಂದ, ಆಲ್ಸಿದೆಸನ ಹೆಸರಿಗೂ ಹೇಗೆ ಒಪ್ಪಿದ್ದ, ಯಾವುದೊಂದಕ್ಕೆ ಒಪ್ಪಲಿಲ್ಲ, ತಾನು ಏನು ಮಾಡಿದೆ ಎಂದು ಎಲ್ಲವನ್ನೂ ಅವನ ಹೆಲ್ಮೆಟ್ಟಿನ ಹಿಂಬದಿಗೆ ಕೂಗಿ ಹೇಳಿದಳು. ಕೇಳಿಸಿದ್ದು ಅವನ ಭುಜ ಬಿಗಿದದ್ದರಿಂದ ತಿಳಿಯಿತು. ಓಣಿಯ ನೀರಿನಲ್ಲಿ ಗಾಡಿ ನಿಧಾನ ಮಾಡಿ, ಅವಳ ಬಾಗಿಲಲ್ಲಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದ. ಕಣ್ಣುಗಳು ಕೆಂಪಾಗಿದ್ದವು.

"ಮುಂದಿನ ಹಾಡು ಬೇರೆಯವರ ಹತ್ರ ಮಾಡಿಸ್ಕೋತೀನಿ."

"ಮಾಡಿಸ್ಕೋ. ಮೊದಲು ಹೆಸರು ಹಾಕಿಸ್ಕೊಂಡು ಆಮೇಲೆ ಬಾಯಿ ತೆಗಿ."

ಎಂಟು ವರ್ಷದಲ್ಲಿ ಅವನು ಅವಳಿಂದ ಒಂದು ದಿನವೂ ಬಾಡಿಗೆ ತೆಗೆದುಕೊಂಡಿರಲಿಲ್ಲ. ಈಗ ಕೈ ಚಾಚಿದ.

"ಒಂದು ಕಡೆಗೆ ಐದು ಸಾವಿರ ಪೇಸೋ ಆಯ್ತು," ಎಂದ. "ಹೋಗ್ತಾ ಬರ್ತಾ ಸೇರಿ ಹತ್ತು."

ಅವಳು ಕೊಟ್ಟಳು.